‘ಇಲ್ಲೇ ಹೋಗಿ ಬರ್ತೀನಿ’ ಅನ್ನುವಾಗಲೂ ರೈಡಿಂಗ್ ಗೇರ್ ಹಾಕುವುದು ಹೇಗೆ?

ದೂರದ ಪ್ರವಾಸಕ್ಕೆ ಅಡಿಯಿಂದ ಮುಡಿಯವರೆಗೆ ಗೇರ್ (ಬಿದ್ದರೆ ಮೈ ಕಾಯುವ ಶೂ, ಪ್ಯಾಂಟು, ಜಾಕೆಟ್, ಹೆಲ್ಮೆಟ್, ಗ್ಲೌಸ್) ಹಾಕುವವರೂ ಔಷಧಿ ತರಲು ಚಪ್ಪಲಿಯಲ್ಲೇ ಬೈಕ್ ಹತ್ತುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಮನೆ ಪಕ್ಕದ ತಿರುವಿನಲ್ಲಿ ಮರಳಿನ ಮೇಲೆ ಮುಂದಿನ ಚಕ್ರ ಜಾರಿದ ದಿನ ವೇಗ ಇಪ್ಪತ್ತೂ ದಾಟಿರಲಿಲ್ಲ. ಹೆಲ್ಮೆಟ್ ಇದ್ದದ್ದರಿಂದ ತಲೆಗೆ ಏನೂ ಆಗಲಿಲ್ಲ. ಆದರೆ ಎರಡೂ ಅಂಗೈಗಳ ಚರ್ಮ ಕಿತ್ತು ಬಂದಿತ್ತು. ಶರ್ಟಿನ ಗುಂಡಿ ಹಾಕಲೂ ಕೆಲವು ದಿನ ಇನ್ನೊಬ್ಬರು ಬೇಕಾದರು.

ಇದು ನನ್ನೊಬ್ಬನ ಕಥೆಯಲ್ಲ. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತು. 1981ರಲ್ಲಿ ಬಂದ ಅವರ ವರದಿಯ ಪ್ರಕಾರ ಹೆಚ್ಚಿನ ಅಪಘಾತಗಳು ಅಂಗಡಿ, ಸಣ್ಣಪುಟ್ಟ ಕೆಲಸ, ಗೆಳೆಯರ ಭೇಟಿ ಎಂದು ಹೊರಟ ಚಿಕ್ಕ ಓಡಾಟಗಳಲ್ಲೇ ಆಗಿದ್ದವು. ಅದೂ ಹೊರಟ ಸ್ವಲ್ಪ ಹೊತ್ತಿಗೇ. ತಪ್ಪಿಸಿಕೊಳ್ಳಲು ಸವಾರನಿಗೆ ಸಿಗುತ್ತಿದ್ದದ್ದು ಎರಡು ಸೆಕೆಂಡಿಗೂ ಕಡಿಮೆ ಸಮಯ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಬ್ರಿಟನ್ನಿನ ಸೇನಾಧಿಕಾರಿ ಟಿ.ಇ. ಲಾರೆನ್ಸ್ 1935ರ ಮೇ 13ರಂದು ಬೈಕಿನಿಂದ ಬಿದ್ದದ್ದೂ ಟೆಲಿಗ್ರಾಂ ಕಳಿಸಿ ಮನೆಗೆ ಮರಳುವಾಗ. ಹೆಲ್ಮೆಟ್ ಇರಲಿಲ್ಲ. ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಸವಾರರ ತಲೆಗಾಯಗಳ ಅಧ್ಯಯನಕ್ಕೆ ಇಳಿದರು. ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು 1941ರಲ್ಲಿ ಬರೆದರು.

ಮೊದಲು ಜಾಗ ಬದಲಿಸಿ

ಬಹಳ ಜನರ ಹತ್ತಿರ ಗೇರ್ ಇದೆ, ಆದರೆ ಅದು ಬೀರುವಿನೊಳಗಿದೆ. ಅದನ್ನು ಹೊರಬಾಗಿಲ ಪಕ್ಕದ ಮೊಳೆಗೆ ತನ್ನಿ. ಜಾಕೆಟ್ ಮೇಲೆ, ಶೂ ಕೆಳಗೆ, ಹೆಲ್ಮೆಟ್ ನಡುವೆ. ಬೈಕಿನ ಕೀಯನ್ನು ಗ್ಲೌಸಿನೊಳಗೆ ಇಡಿ. ಕೀ ಬೇಕೆಂದರೆ ಗ್ಲೌಸ್ ಕೈಗೆ ಬರಲೇಬೇಕು, ಅಲ್ವಾ? ನನ್ನ ಅಭ್ಯಾಸ ಬದಲಾದದ್ದು ಇದೊಂದರಿಂದಲೇ.

ಹಾಕಿಕೊಳ್ಳುವ ಕ್ರಮ

ಶೂ ಮೊದಲು. ಕಣಕಾಲಿನ ಮೂಳೆ ಮುಚ್ಚುವಂಥದ್ದು ಬೇಕು. ದಿನದ ಓಡಾಟಕ್ಕೆ ಜಿಪ್ ಇರುವ ಗಿಡ್ಡ ಬೂಟು ಒಳ್ಳೆಯದು. ಲೇಸ್ ಇದ್ದರೆ ತುದಿಯನ್ನು ಒಳಗೆ ಸಿಕ್ಕಿಸಿ. ಅದು ಗೇರ್ ಲಿವರಿಗೆ ಸಿಕ್ಕಿಕೊಂಡರೆ ನಿಲ್ಲಿಸುವಾಗ ಕಾಲು ನೆಲಕ್ಕೆ ಬರುವುದಿಲ್ಲ.

ಆಮೇಲೆ ಪ್ಯಾಂಟು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಿದ್ದರೆ ದೇಹ ಡಾಂಬರಿನ ಮೇಲೆ ಸುಮಾರು 10 ಮೀಟರ್ ಜಾರಬಹುದು. ಮಾಮೂಲಿ ಜೀನ್ಸ್ ಅಷ್ಟು ದೂರ ತಾಳುವುದಿಲ್ಲ. ಅರಾಮಿಡ್ ಎಂಬ ಗಟ್ಟಿ ನೂಲು ಸೇರಿಸಿದ ರೈಡಿಂಗ್ ಜೀನ್ಸ್ ನೋಡಲು ಮಾಮೂಲಿಯಂತೆಯೇ ಇರುತ್ತದೆ, ಅದನ್ನು ಮಾತ್ರ ಶೂಗಿಂತ ಮೊದಲೇ ಹಾಕಿಕೊಳ್ಳಿ. (ಈ ಬಗೆಯ ನೂಲಾದ ಕೆವ್ಲಾರ್ ಅನ್ನು 1965ರಲ್ಲಿ ಕಂಡುಹಿಡಿದವರು ಸ್ಟೆಫನಿ ಕ್ವೋಲೆಕ್ ಎಂಬ ರಸಾಯನ ವಿಜ್ಞಾನಿ.) ಬಟ್ಟೆ ಬದಲಿಸಲು ಬೇಜಾರಾದರೆ ಪಕ್ಕದಲ್ಲಿ ಉದ್ದ ಜಿಪ್ ಇರುವ ಮೇಲ್ಪ್ಯಾಂಟು ಕೊಳ್ಳಿ. ಶೂ ಬಿಚ್ಚದೆ, ಮನೆ ಬಟ್ಟೆಯ ಮೇಲೆಯೇ ಹಾಕಬಹುದು.

ಜಾಕೆಟ್ ಕೊಳ್ಳುವಾಗ ಸ್ವಲ್ಪ ಜಾಸ್ತಿ ಗಮನ ಕೊಡಿ. ಒಳಗಿನ ಲೇಬಲ್ಲಿನಲ್ಲಿ ಇಎನ್ 17092 ಎಂದು ಇದೆಯೇ ನೋಡಿ. ಇದು ಯುರೋಪಿನ ಮಾನದಂಡ. ಅದರಲ್ಲಿ ಎಎಎ ಅತಿ ಗಟ್ಟಿ, ನಂತರ ಎಎ, ಆಮೇಲೆ ಎ. ಊರೊಳಗಿನ ಓಡಾಟಕ್ಕೆ ಎ ಸಾಕು, ಎಎ ಸಿಕ್ಕರೆ ಇನ್ನೂ ಒಳ್ಳೆಯದು. ಸಿ ದರ್ಜೆಯದು ಏಟು ತಡೆಯುವ ಪ್ಯಾಡ್ ಹಿಡಿದುಕೊಳ್ಳುತ್ತದೆ ಅಷ್ಟೇ, ಉಜ್ಜಿದರೆ ಉಳಿಯುವುದಿಲ್ಲ. ಭುಜ, ಮೊಣಕೈ ಪ್ಯಾಡುಗಳ ಮೇಲೆ ಇಎನ್ 1621-1 ಎಂದು ಇರಬೇಕು. ಪರೀಕ್ಷೆಯಲ್ಲಿ ಅಷ್ಟೇ ಜೋರಿನ ಏಟು ಬಿದ್ದಾಗ ಲೆವೆಲ್ 1 ಪ್ಯಾಡ್ ಸರಾಸರಿ 35 ಕಿಲೋನ್ಯೂಟನ್‌ವರೆಗೆ (ಇದು ಬಲದ ಅಳತೆ) ಬಲವನ್ನು ಒಳಗೆ ಬಿಡಬಹುದು. ಲೆವೆಲ್ 2ಕ್ಕೆ 20ರ ಮಿತಿ, ಅಂದರೆ ಅದು ಹೆಚ್ಚು ಕಾಯುತ್ತದೆ. ತೊಟ್ಟು, ಹ್ಯಾಂಡಲ್ ಹಿಡಿದಂತೆ ಕೈ ಚಾಚಿ, ಮೊಣಕೈ ಪ್ಯಾಡನ್ನು ತಿರುಗಿಸಿ ನೋಡಿ. ಸುಲಭವಾಗಿ ಪಕ್ಕಕ್ಕೆ ಸರಿದರೆ ಆ ಅಳತೆ ಬೇಡ. ಬಿದ್ದಾಗಲೂ ಅದು ಹಾಗೇ ಸರಿಯುತ್ತದೆ.

ಸೆಕೆ ಅನ್ನುವುದು ಸುಳ್ಳು ನೆಪವಲ್ಲ. ಬೇಸಿಗೆಗೆ ಮೆಶ್, ಅಂದರೆ ಗಾಳಿಯಾಡುವ ಬಲೆಯಂಥ ಬಟ್ಟೆಯ, ಜಾಕೆಟ್ ತೆಗೆದುಕೊಳ್ಳಿ. ಒಳಗಿನ ಶರ್ಟನ್ನು ಒದ್ದೆ ಮಾಡಿ ಹಿಂಡಿ ಹಾಕಿಕೊಂಡರೆ ಓಡುವ ಗಾಳಿಗೆ ಮೈ ತಂಪಾಗುತ್ತದೆ. ಎದೆಯ ಜೇಬಿನಲ್ಲಿ ಕೀ ಗೊಂಚಲು, ಬೆನ್ನಿನ ಚೀಲದಲ್ಲಿ ಕಬ್ಬಿಣದ ಬೀಗ ಬೇಡ. ಬಿದ್ದರೆ ಅವೇ ಚುಚ್ಚುತ್ತವೆ.

ಹೆಲ್ಮೆಟ್ ಫುಲ್ ಫೇಸ್ ಇರಲಿ. ಗಲ್ಲ, ದವಡೆ ಕಾಯುವುದು ಅದೊಂದೇ. ತೊಟ್ಟು ಅಲುಗಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲುಗಾಡಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ತಲೆಯ ಮೇಲೆ ಉಳಿಯುವುದಿಲ್ಲ, ‘ಇಲ್ಲೇ ತಾನೇ’ ಎಂದು ಬಿಡಬೇಡಿ. ಕನ್ನಡಿಗೆ ನೇತು ಹಾಕುವ ಅಭ್ಯಾಸವೂ ಬೇಡ, ಒಳಗಿನ ಥರ್ಮೋಕೋಲ್ ಪದರ ತಗ್ಗಾಗುತ್ತದೆ. ಒಮ್ಮೆ ಏಟು ತಿಂದ ಮೇಲೆ, ಹೊರಗೆ ಗೀರು ಕಾಣದಿದ್ದರೂ, ಹೊಸದು ಕೊಳ್ಳಿ.

ಕೊನೆಗೆ ಗ್ಲೌಸ್. ಬೀಳುವಾಗ ಕೈ ತಾನಾಗಿ ಮುಂದೆ ಚಾಚುತ್ತದೆ, ತಡೆಯಲು ಆಗುವುದಿಲ್ಲ. ಅಂಗೈ ನೆಲಕ್ಕೆ ಕಚ್ಚಿಕೊಂಡರೆ ಮಣಿಕಟ್ಟಿನ ಸಣ್ಣ ಮೂಳೆ ಮುರಿಯಬಹುದು. ಅದಕ್ಕೆ ರಕ್ತ ಹರಿಯುವುದು ಕಡಿಮೆ, ಕೂಡಲು ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ಅಂಗೈ ಬುಡದಲ್ಲಿ ಜಾರುವ ಗಟ್ಟಿ ತುಣುಕು ಇರುವ ಗ್ಲೌಸ್ ಆರಿಸಿ. ಮಣಿಕಟ್ಟಿನ ಪಟ್ಟಿ ಬಿಗಿದು ಬೆರಳ ತುದಿಯಿಂದ ಎಳೆದರೆ ಅದು ಕಳಚಿ ಬರಬಾರದು.

ಅಂಗಡಿ ತಲುಪಿದ ಮೇಲೆ

ಎಲ್ಲವನ್ನೂ ಬಿಚ್ಚುವುದು ಬೇಡ. ಜಾಕೆಟ್ ಜಿಪ್ ಇಳಿಸಿ, ಗ್ಲೌಸನ್ನು ಹೆಲ್ಮೆಟ್ಟಿನೊಳಗೆ ಹಾಕಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಒಳಗೆ ಹೋಗಿ. ಜನ ನೋಡುತ್ತಾರೆ ಅನ್ನಿಸುವುದು ಮೊದಲ ವಾರ ಮಾತ್ರ.

ಹಿಂದೆ ಕೂರುವವರನ್ನು ಮರೆಯಬೇಡಿ. ಮಗಳನ್ನು ಶಾಲೆಯಿಂದ ಕರೆತರುವುದಿದ್ದರೆ ಅವಳ ಅಳತೆಯ ಹೆಲ್ಮೆಟ್, ಜಾಕೆಟ್, ಗ್ಲೌಸ್ ಕೂಡ ಬಾಗಿಲ ಪಕ್ಕ ನಿಮ್ಮದರ ಜೊತೆಗೇ ಇರಲಿ.