ಲೈಸೆನ್ಸ್‌ನಿಂದ ಹಿಂದಕ್ಕೆ ಎಣಿಸುತ್ತ ವಿದೇಶದ ಮೆಡಿಕಲ್ ಕಾಲೇಜು ಆರಿಸಿದ್ದು

ವಿದೇಶದ ಮೆಡಿಕಲ್ ಕಾಲೇಜುಗಳನ್ನು ಫೀಸಿನ ಪಟ್ಟಿ ಹಿಡಿದು ಹೋಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾನು ಹೊರಗೆ ಓದಿ ಬಂದು, ಎಫ್‌ಎಂಜಿಇ (ವಿದೇಶದಲ್ಲಿ ಓದಿದ ಡಾಕ್ಟರುಗಳು ಇಲ್ಲಿ ದಾಟಬೇಕಾದ ಅರ್ಹತಾ ಪರೀಕ್ಷೆ) ಪಾಸು ಮಾಡಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಪಡೆದದ್ದು ಹಳೆಯ ನಿಯಮದಡಿ. ತಂಗಿಗೆ ಕಾಲೇಜು ಹುಡುಕುವ ಹೊತ್ತಿಗೆ ನಿಯಮ ಬದಲಾಗಿತ್ತು. ಹಾಗಾಗಿ ಕೊನೆಗೆ ಕೈಗೆ ಬರಬೇಕಾದ ಕಾಯಂ ನೋಂದಣಿ ಪ್ರಮಾಣಪತ್ರದಿಂದ ಶುರುಮಾಡಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಬಂದು, ಯಾವ ಕಾಲೇಜು ಎಲ್ಲಿ ಬಿದ್ದುಹೋಗುತ್ತದೆ ಎಂದು ನೋಡಿದೆ. ಫೀಸಿನ ಲೆಕ್ಕ ತೆಗೆದದ್ದು ಅದಾದ ಮೇಲೆ.

ಮೊದಲು ನೀಟ್. 2018ರಿಂದ ಹೊರದೇಶಕ್ಕೆ ಎಂಬಿಬಿಎಸ್‌ಗೆ ಹೋಗುವವರಿಗೂ ನೀಟ್ ಅರ್ಹತೆ ಕಡ್ಡಾಯ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಎಸ್‌ಸಿ, ಎಸ್‌ಟಿ, ಒಬಿಸಿಗೆ 40ನೇ ಪರ್ಸೆಂಟೈಲ್. ಇದು ಅಂಕದ ಶೇಕಡಾವಾರು ಅಲ್ಲ, ಪರೀಕ್ಷೆ ಬರೆದವರಲ್ಲಿ ಶೇಕಡಾ ಎಷ್ಟು ಜನ ನಿಮಗಿಂತ ಹಿಂದಿದ್ದಾರೆ ಎಂಬ ಲೆಕ್ಕ. ವಿದೇಶದ ಪ್ರವೇಶಕ್ಕೆ ಆ ಫಲಿತಾಂಶ 3 ವರ್ಷ ಚಾಲ್ತಿಯಲ್ಲಿರುತ್ತದೆ. ‘ನೀಟ್ ಇಲ್ಲದೆಯೂ ಸೀಟು ಕೊಡಿಸುತ್ತೇವೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಸೀಟು ನಿಜಕ್ಕೂ ಸಿಗುತ್ತದೆ. ಆದರೆ ಆ ಡಿಗ್ರಿ ಹಿಡಿದು ಇಲ್ಲಿ ಡಾಕ್ಟರಾಗಲು ಸಾಧ್ಯವಿಲ್ಲ.

ಅಲ್ಲಿಂದ ಮುಂದೆ ನಿಜವಾದ ಜರಡಿ ಎಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2021ರ ನವೆಂಬರ್ 18ರಂದು ಹೊರಡಿಸಿದ ನಿಯಮಾವಳಿ. ಅದರ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ನಿಗದಿಪಡಿಸಿದ ಎಲ್ಲ ವಿಷಯಗಳನ್ನೂ ಓದಿರಬೇಕು. ಕ್ಲಿನಿಕಲ್ ತರಬೇತಿಯ ಯಾವ ಭಾಗವೂ ಭಾರತದಲ್ಲಾಗಲಿ ಮೂರನೆಯ ದೇಶದಲ್ಲಾಗಲಿ ನಡೆದಿರಬಾರದು. ಸೇರಿದ ದಿನದಿಂದ 10 ವರ್ಷದೊಳಗೆ ಎಲ್ಲ ಮುಗಿದಿರಬೇಕು.

54ಕ್ಕೆ 12 ಕೂಡಿಸಿದರೆ 66 ತಿಂಗಳು. ಈ ಒಂದು ಕೂಡುಲೆಕ್ಕಕ್ಕೇ ಎಷ್ಟೋ ‘ಅಗ್ಗದ’ ಕಾಲೇಜುಗಳು ಪಟ್ಟಿಯಿಂದ ಹೊರಬೀಳುತ್ತವೆ. ಒಟ್ಟು ಐದೇ ವರ್ಷದ ಕೋರ್ಸಿನಲ್ಲಿ ಕೊನೆಯ ವರ್ಷವನ್ನೇ ಇಂಟರ್ನ್‌ಶಿಪ್ ಎಂದು ತೋರಿಸಿದರೆ ಸಿಗುವುದು 60 ತಿಂಗಳು. ಮೆಡಿಕಲ್‌ಗೆ ಮುನ್ನ ಓದುವ ಜೀವಶಾಸ್ತ್ರದ ಒಂದೆರಡು ವರ್ಷ ಮತ್ತು ನಾಲ್ಕು ವರ್ಷದ ಎಂಡಿ (ಅಲ್ಲಿ ಇದು ನಮ್ಮ ಎಂಬಿಬಿಎಸ್‌ನಂತೆ ಮೊದಲ ವೈದ್ಯಕೀಯ ಪದವಿ) ಎಂಬ ಜೋಡಣೆ ಇರುವ ಕಡೆ ವೈದ್ಯಕೀಯ ಓದು ಎಂದು ಎಣಿಕೆಗೆ ಬರುವುದು ಆ ನಾಲ್ಕು ವರ್ಷ, ಅಂದರೆ 48 ತಿಂಗಳು. ಕೆರಿಬಿಯನ್ ದ್ವೀಪಗಳ ಹಲವು ಕಾಲೇಜುಗಳು ಕ್ಲಿನಿಕಲ್ ವರ್ಷಗಳಿಗೆ ವಿದ್ಯಾರ್ಥಿಗಳನ್ನು ಬೇರೆ ದೇಶದ ಆಸ್ಪತ್ರೆಗಳಿಗೆ ಕಳಿಸುತ್ತವೆ. ಅಮೆರಿಕದಲ್ಲೇ ನೆಲೆಸುವವರಿಗೆ ಅದು ಅನುಕೂಲ, ಭಾರತಕ್ಕೆ ಮರಳುವವರಿಗೆ ದಾರಿಯೇ ಮುಚ್ಚಿದಂತೆ. ನೇಪಾಳದ ಎಂಬಿಬಿಎಸ್ ನಾಲ್ಕೂವರೆ ವರ್ಷ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್, ಬಾಂಗ್ಲಾದೇಶದ್ದು ಐದು ಮತ್ತು ಒಂದು. ಇವೆರಡೂ ಈ ಲೆಕ್ಕಕ್ಕೆ ಸರಿಹೊಂದುತ್ತವೆ. ಜಾರ್ಜಿಯಾದಂಥ ಕಡೆ ಆರು ವರ್ಷದ, 360 ಕ್ರೆಡಿಟ್‌ನ ಕೋರ್ಸಿದ್ದರೆ, ಆ ಆರರೊಳಗೆ ಇಂಟರ್ನ್‌ಶಿಪ್ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬೇರೆಯಾಗಿ ದಾಖಲಾಗುತ್ತದೆಯೇ ಎಂದು ಕೇಳಲೇಬೇಕು.

ಕೇಳುವುದನ್ನು ಬರವಣಿಗೆಯಲ್ಲೇ ಕೇಳಬೇಕು. ವಿಶ್ವವಿದ್ಯಾಲಯದ ಅಧಿಕೃತ ಇಮೇಲ್‌ಗೆ ನಾನು ನೇರವಾಗಿ ಬರೆದ ಪ್ರಶ್ನೆಗಳು ಇವು: ಕೋರ್ಸು ಯಾವ ತಾರೀಖಿಗೆ ಶುರು, ಯಾವಾಗ ಮುಗಿಯುತ್ತದೆ? ಇಂಟರ್ನ್‌ಶಿಪ್ ನಿಮ್ಮದೇ ಆಸ್ಪತ್ರೆಯಲ್ಲೇ? ಅದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತೀರಾ? ವಿದೇಶಿ ಪ್ರಜೆಗೆ ನಿಮ್ಮ ದೇಶದ ಲೈಸೆನ್ಸ್ ಪರೀಕ್ಷೆಗೆ ಕೂರಲು ಅವಕಾಶವಿದೆಯೇ, ಇದ್ದರೆ ಯಾವ ಭಾಷೆಯಲ್ಲಿ? ಉತ್ತರವನ್ನು ಪ್ರಿಂಟ್ ಹಾಕಿ ಕಡತದಲ್ಲಿಟ್ಟೆ. ಏಜೆಂಟರ ವಾಟ್ಸಾಪ್ ಭರವಸೆ ಆರು ವರ್ಷದ ನಂತರ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ.

ಕೊನೆಯ ಪ್ರಶ್ನೆಗೆ ಕಾರಣವಿದೆ. ಓದಿದ ದೇಶದಲ್ಲಿ ಅಲ್ಲಿನ ಪ್ರಜೆಗೆ ಸಮನಾಗಿ ವೈದ್ಯವೃತ್ತಿ ನಡೆಸಲು ಪರವಾನಗಿ ಪಡೆಯುವ ಅರ್ಹತೆ ಆ ಡಿಗ್ರಿಗೆ ಇರಬೇಕು ಎಂದು ನಿಯಮ ಹೇಳುತ್ತದೆ. ಜನ ಹೆಚ್ಚು ಕಡೆಗಣಿಸುವ ಷರತ್ತು ಇದೇ. ರಷ್ಯಾದಲ್ಲಿ ವೃತ್ತಿಗೆ ಇಳಿಯುವ ಮುನ್ನ ಅಲ್ಲಿನ ಪ್ರಾಥಮಿಕ ಮಾನ್ಯತಾ ಪರೀಕ್ಷೆ ದಾಟಬೇಕು, ಅದು ರಷ್ಯನ್ ಭಾಷೆಯಲ್ಲಿ. ಇನ್ನು ತರಗತಿ ಇಂಗ್ಲಿಷಿನಲ್ಲಿದ್ದರೂ ರೋಗಿ ಇಂಗ್ಲಿಷ್ ಮಾತಾಡುವುದಿಲ್ಲ. ವಾರ್ಡಿಗೆ ಕಾಲಿಟ್ಟ ಮೇಲೆ ಭಾಷೆ ಬಾರದವರು ಗೋಡೆಗೆ ಒರಗಿ ನಿಲ್ಲುತ್ತಾರೆ, ರೋಗಿಯ ಇತಿಹಾಸ ಕೇಳುವುದನ್ನು ಕಲಿಯದೆಯೇ ಡಿಗ್ರಿ ಮುಗಿಯುತ್ತದೆ. ಆದ್ದರಿಂದ ಮೊದಲ ಸೆಮಿಸ್ಟರಿನಿಂದಲೇ ಆ ದೇಶದ ಭಾಷೆ ಕಲಿಯಿರಿ.

ಬ್ರೋಷರಿನಲ್ಲಿ ‘ಎನ್‌ಎಂಸಿ ಮಾನ್ಯತೆ ಪಡೆದ ಕಾಲೇಜು’ ಎಂದಿದ್ದರೆ ಅಲ್ಲೇ ಅನುಮಾನ ಪಡಿ. ಎನ್‌ಎಂಸಿ ವಿದೇಶಿ ಕಾಲೇಜುಗಳಿಗೆ ಮಾನ್ಯತೆ ಕೊಡುವುದಿಲ್ಲ, ಷರತ್ತು ಹೇಳುತ್ತದೆ ಅಷ್ಟೆ. ವಿಶ್ವ ವೈದ್ಯಕೀಯ ಶಾಲೆಗಳ ಡೈರೆಕ್ಟರಿಯಲ್ಲಿ ಹೆಸರಿರುವುದೂ ಕಾಲೇಜು ಅಸ್ತಿತ್ವದಲ್ಲಿದೆ ಎಂಬುದಕ್ಕಷ್ಟೇ ಸಾಕ್ಷಿ. ಮೊದಲ ವರ್ಷ ಕಡಿಮೆ ಫೀಸಿನಲ್ಲಿ ಸೇರಿಸಿ ‘ಆಮೇಲೆ ಟ್ರಾನ್ಸ್‌ಫರ್ ಮಾಡಿಸುತ್ತೇವೆ’ ಎನ್ನುವ ಮಾತಿಗಂತೂ ಒಪ್ಪಲೇಬೇಡಿ, ಇಡೀ ಓದು ಒಂದೇ ಸಂಸ್ಥೆಯಲ್ಲಿ ಆಗಬೇಕು. 2022ರಲ್ಲಿ ಉಕ್ರೇನ್ ವಿದ್ಯಾರ್ಥಿಗಳಿಗೆ ಬೇರೆ ದೇಶದಲ್ಲಿ ಓದು ಮುಂದುವರಿಸಲು ಬಿಟ್ಟದ್ದು ಯುದ್ಧದ ಕಾರಣಕ್ಕೆ ಕೊಟ್ಟ ವಿಶೇಷ ವಿನಾಯಿತಿ.

ಇನ್ನು ಎಫ್‌ಎಂಜಿಇ. ಇದರ ಬದಲಿಗೆ ಬರಲಿರುವ, ಇಲ್ಲಿ ಓದಿದವರಿಗೂ ಹೊರಗೆ ಓದಿದವರಿಗೂ ಒಂದೇ ಆದ ನೆಕ್ಸ್ಟ್ ಪರೀಕ್ಷೆ ಜಾರಿಗೆ ಬರುವ ತನಕ ಇದೇ ಹೆಬ್ಬಾಗಿಲು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತುಗಳೆಂದು ನಡೆಯುತ್ತದೆ. 300 ಪ್ರಶ್ನೆ, 150 ಬಂದರೆ ಪಾಸು, ನೆಗೆಟಿವ್ ಅಂಕ ಇಲ್ಲ. ಕೇಳಲು ಸುಲಭ ಎನಿಸಿದರೂ ಹಲವು ಸುತ್ತುಗಳಲ್ಲಿ ಐವರಲ್ಲಿ ಒಬ್ಬರಷ್ಟೇ ತೇರ್ಗಡೆಯಾಗಿದ್ದಾರೆ. ಪರೀಕ್ಷೆ ನಡೆಸುವ ಮಂಡಳಿಯೇ ಕಾಲೇಜುವಾರು ಫಲಿತಾಂಶ ಪ್ರಕಟಿಸಿದೆ, ಕಾಲೇಜು ಆರಿಸಲು ಅದಕ್ಕಿಂತ ಉಪಯುಕ್ತ ದಾಖಲೆ ನನಗೆ ಸಿಗಲಿಲ್ಲ. ಬರೀ ಶೇಕಡಾವಾರು ನೋಡದೆ ಎಷ್ಟು ಜನ ಬರೆದರು ಎಂಬುದನ್ನೂ ನೋಡಿ: ನಾಲ್ವರು ಬರೆದು ಇಬ್ಬರು ಪಾಸಾದ ಕಾಲೇಜಿನ 50 ಶೇಕಡಾಕ್ಕೆ ಅರ್ಥವಿಲ್ಲ.

ಫೇಲಾಗುವುದಕ್ಕೆ ಓದಿನ ಕೊರತೆಯೊಂದೇ ಕಾರಣವಲ್ಲ. ಕಮ್ಯುನಿಟಿ ಮೆಡಿಸಿನ್‌ಗೆ 30 ಪ್ರಶ್ನೆಗಳಿವೆ, ಹೆಚ್ಚುಕಡಿಮೆ ಮೆಡಿಸಿನ್, ಸರ್ಜರಿ, ಸ್ತ್ರೀರೋಗಗಳಷ್ಟೇ ತೂಕ. ಅಲ್ಲಿ ಕೇಳುವುದು ನಮ್ಮ ಲಸಿಕಾ ವೇಳಾಪಟ್ಟಿ, ಕ್ಷಯ ನಿರ್ಮೂಲನ ಕಾರ್ಯಕ್ರಮ, ಆಶಾ ಕಾರ್ಯಕರ್ತೆಯ ಕೆಲಸ. ಹೊರಗಿನ ಯಾವ ಪ್ರೊಫೆಸರೂ ಇದನ್ನು ಕಲಿಸುವುದಿಲ್ಲ. ಫೊರೆನ್ಸಿಕ್‌ನ 10 ಪ್ರಶ್ನೆಗಳಿಗೂ ಭಾರತದ ಕಾನೂನು ಬೇಕು, ಅದರಲ್ಲೂ 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಹಳೆಯ ನೋಟ್ಸಿನ ಸೆಕ್ಷನ್ ನಂಬರುಗಳು ಕೆಲಸಕ್ಕೆ ಬಾರವು. ಈ 40 ಅಂಕಗಳ ಭಾರತೀಯ ಪುಸ್ತಕಗಳನ್ನು ಮೂರನೆಯ ವರ್ಷದಿಂದಲೇ ರಜೆಗಳಲ್ಲಿ ಓದಿಕೊಂಡರೆ ಕೊನೆಗೆ ದಮ್ಮು ಕಟ್ಟುವುದಿಲ್ಲ.

ಹಣದ ಲೆಕ್ಕವನ್ನು ಕಾಯಂ ನೋಂದಣಿಯ ದಿನದವರೆಗೂ ಎಳೆಯಬೇಕು. ಫೀಸು, ಹಾಸ್ಟೆಲ್, ಊಟ, ವಿಮೆ, ಪ್ರತಿ ವರ್ಷದ ವೀಸಾ ನವೀಕರಣ, ವಿಮಾನ ಟಿಕೆಟ್, ದಾಖಲೆಗಳ ಅನುವಾದ, ಎಫ್‌ಎಂಜಿಇಗೆ ಸಂಪಾದನೆಯಿಲ್ಲದೆ ಓದುವ ತಿಂಗಳುಗಳು, ಎಲ್ಲವೂ ಇದರಲ್ಲಿ ಬರಬೇಕು. ಫೀಸು ವರ್ಷಕ್ಕೆ 5,000 ಡಾಲರ್ ಇದ್ದು ಡಾಲರ್ 10 ರೂಪಾಯಿ ಏರಿದರೆ ಆ ವರ್ಷ 50,000 ರೂಪಾಯಿ ಹೆಚ್ಚುವರಿ. ಒಪ್ಪಂದದಲ್ಲಿ ಆರು ವರ್ಷಕ್ಕೂ ಒಂದೇ ಫೀಸು ಎಂದಿದೆಯೇ ನೋಡಿ. ಹಣವನ್ನು ಬ್ಯಾಂಕಿನಿಂದ ವಿಶ್ವವಿದ್ಯಾಲಯದ ಖಾತೆಗೇ ಕಳಿಸಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಟಿಸಿಎಸ್ (ಹಣ ಕಳಿಸುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ, ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದಿಲ್ಲ. ಹಿಡಿದ ಮೊತ್ತ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯ ತನಕ ಆ ಹಣ ಕೈಯಲ್ಲಿರುವುದಿಲ್ಲ.

ಡಿಗ್ರಿ ಬಂದ ಕೂಡಲೇ ಆ ದೇಶದಲ್ಲೇ ಅಪೋಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ ಮುದ್ರೆ) ಮಾಡಿಸಿ, ಇಲ್ಲವೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಪಡೆದು ಹೊರಡಿ. ಎಫ್‌ಎಂಜಿಇ ಅರ್ಜಿಗೇ ಇದು ಬೇಕು, ಊರಿಗೆ ಬಂದ ಮೇಲೆ ಮಾಡಿಸುವುದು ಬಲು ಕಷ್ಟ. ನಮ್ಮವರಿಗೆ ಹೆಸರಿನ ತೊಡಕು ವಿಶೇಷ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು, ರಷ್ಯನ್ ಲಿಪಿಯಿಂದ ಮರಳಿ ಇಂಗ್ಲಿಷಿಗೆ ಬಂದ ಡಿಗ್ರಿಯಲ್ಲಿ ಮೂರನೆಯದೇ ಒಂದು ಸ್ಪೆಲ್ಲಿಂಗ್. ಹೊರಡುವ ಮುನ್ನವೇ ಪಾಸ್‌ಪೋರ್ಟನ್ನು ಅಂಕಪಟ್ಟಿಗೆ ಹೊಂದಿಸಿಕೊಂಡು, ಡಿಗ್ರಿ ಅಚ್ಚಾಗುವ ಮೊದಲು ಅದರ ಕರಡನ್ನು ಅಕ್ಷರ ಅಕ್ಷರ ನೋಡಬೇಕು.

ಪಾಸಾದ ಮೇಲೆ ರಾಜ್ಯ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ, ನಂತರ ಇಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಹೊರಗೆ ಒಂದು ವರ್ಷ ಮಾಡಿದ್ದೇನೆಂದು ಇದು ತಪ್ಪುವುದಿಲ್ಲ. ಒಂದು ಕಾಲೇಜಿನಲ್ಲಿ ವಿದೇಶಿ ಪದವೀಧರರಿಗೆ ಮೀಸಲಿಡುವ ಜಾಗ ಗರಿಷ್ಠ 7.5 ಶೇಕಡಾ ಆಗಿರುವುದರಿಂದ ಸರದಿ ಕಾಯಬೇಕಾಗಬಹುದು. ಈ ಇಂಟರ್ನ್‌ಶಿಪ್‌ಗೆ ಕಾಲೇಜು ಶುಲ್ಕ ಕೇಳುವಂತಿಲ್ಲ ಎಂದು ಎನ್‌ಎಂಸಿ 2022ರಲ್ಲೇ ಹೇಳಿದೆ. ಯಾರಾದರೂ ಕೇಳಿದರೆ ಆ ಸುತ್ತೋಲೆಯ ಪ್ರತಿಯನ್ನು ಮುಂದಿಟ್ಟು, ರಾಜ್ಯ ಕೌನ್ಸಿಲ್‌ಗೆ ಲಿಖಿತ ದೂರು ಕೊಡಿ.