ಲಾಗ್ ಲೆವೆಲ್ ಬದಲಿಸುವ ಅಧಿಕಾರ ಯಾರಿಗೆ? ನನ್ನ ಅನುಭವ

ನಾನು ನೋಡಿಕೊಳ್ಳುತ್ತಿದ್ದ ಪೇಮೆಂಟ್ ಸರ್ವೀಸ್ ತನ್ನ ಕೆಲಸವನ್ನು ಸಾಲುಸಾಲಾಗಿ ಬರೆದಿಡುವ ಲಾಗ್‌ನಲ್ಲಿ ಒಂದು ಬೆಳಿಗ್ಗೆ 'ಆಥರೈಸೇಶನ್: ಬೇರರ್' ಅಂತ ಶುರುವಾಗುವ ಸಾಲು ಕಣ್ಣಿಗೆ ಬಿತ್ತು. ಮುಂದೆ ಪೂರ್ತಿ ಟೋಕನ್, ಅಂದರೆ ಕೈಗೆ ಸಿಕ್ಕವರಿಗೆ ಒಳಗೆ ಬಿಡುವ ಗುಟ್ಟಿನ ಕೀಲಿ. ಕೆಳಗೆ ಇನ್ನೊಂದು, ಮತ್ತೊಂದು. ಹಿಂದಿನ ಸಂಜೆ ತಂಡದ ಗೆಳೆಯರೊಬ್ಬರು ಯಾವುದೋ ಟೈಮ್‌ಔಟ್ ಹುಡುಕಲು ಎಲ್ಲ ಲಾಗರ್‌ಗಳಿಗೂ ಮೂಲವಾದ ರೂಟ್ ಲಾಗರನ್ನೇ ಡೀಬಗ್‌ಗೆ, ಅಂದರೆ ತುಂಬ ವಿವರ ಬರೆಯುವ ಲೆವೆಲ್‌ಗೆ, ಹಾಕಿ, ವಾಪಸ್ ಇಳಿಸಲು ಮರೆತಿದ್ದರು. ಟೋಕನ್ ಬರೆದದ್ದು ನಮ್ಮ ಕೋಡ್ ಅಲ್ಲ, ಬೇರೆ ಸರ್ವರ್‌ಗಳ ಜೊತೆ ಮಾತಾಡಲು ಬಳಸುವ ಅಪಾಚೆ ಎಚ್‌ಟಿಟಿಪಿ ಕ್ಲೈಂಟ್ ಲೈಬ್ರರಿಯ ವೈರ್ ಲಾಗರ್. ಡೀಬಗ್‌ನಲ್ಲಿ ಅದು ಹೋಗಿ ಬರುವುದನ್ನೆಲ್ಲ ಟೋಕನ್ ಹೊತ್ತ ಹೆಡರ್ ಸಮೇತ ಬರೆದಿಡುತ್ತದೆ.

ತಪ್ಪು ಅವರದಲ್ಲ, ಬಾಗಿಲು ತೆರೆದಿಟ್ಟವನು ನಾನು. ಈ ಸರ್ವೀಸ್ ಕಟ್ಟಿದ ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್. ಈಗಿನ ಸ್ಪ್ರಿಂಗ್ ಬೂಟ್ ತಾನಾಗಿ ವೆಬ್‌ಗೆ ತೆರೆದಿಡುವ ಆಕ್ಚುಯೇಟರ್ ಎಂಡ್‌ಪಾಯಿಂಟ್ (ಓಡುತ್ತಿರುವ ಸರ್ವೀಸನ್ನು ನೋಡಲು, ನಿಯಂತ್ರಿಸಲು ಇರುವ ವಿಳಾಸ) 'ಹೆಲ್ತ್' ಒಂದೇ. ಮೆಟ್ರಿಕ್ಸ್ (ಸರ್ವೀಸಿನ ಅಳತೆಗಳು) ಬೇಕೆಂದು ನಾನು ಅಲ್ಲಿ ಎಲ್ಲವನ್ನೂ ತೆರೆಯುವ ನಕ್ಷತ್ರ ಚಿಹ್ನೆ ಹಾಕಿದ್ದೆ. ಅದರ ಜೊತೆ ಲಾಗ್ ಲೆವೆಲ್ ನೋಡುವ, ಬದಲಿಸುವ 'ಲಾಗರ್ಸ್' ಕೂಡ ತೆರೆದುಕೊಂಡಿತ್ತು. ಆಫೀಸ್ ನೆಟ್‌ವರ್ಕಿನಲ್ಲಿ ಯಾರೇ ಒಂದು ಪೋಸ್ಟ್ ರಿಕ್ವೆಸ್ಟ್ ಕಳಿಸಿದರೂ ರೀಸ್ಟಾರ್ಟ್ ಇಲ್ಲದೆ ಲೆವೆಲ್ ಬದಲಾಗುತ್ತಿತ್ತು.

ಮೊದಲು ಆ ಟೋಕನ್‌ಗಳನ್ನೆಲ್ಲ ರದ್ದು ಮಾಡಿದೆವು, ಲಾಗ್ ಸರ್ಚ್‌ಗೆ ಹೋಗಿದ್ದ ಪ್ರತಿಗಳನ್ನೂ ಅಳಿಸಿದೆವು. ಆಮೇಲೆ ನಕ್ಷತ್ರ ತೆಗೆದು ಬೇಕಾದವುಗಳ ಹೆಸರು ಮಾತ್ರ ಬರೆದು, ಆಕ್ಚುಯೇಟರನ್ನು ಬೇರೆ ಪೋರ್ಟಿಗೆ ಸರಿಸಿದೆ. 'ಲಾಗರ್ಸ್'ಗೆ ಗೆಟ್ (ಓದುವುದು) ಎಲ್ಲ ಡೆವಲಪರ್‌ಗಳಿಗೆ, ಪೋಸ್ಟ್ (ಬದಲಿಸುವುದು) ಒಂದು ಪ್ರತ್ಯೇಕ ರೋಲ್‌ಗೆ. ಸ್ಪ್ರಿಂಗ್ ಬೂಟ್ 3.4ರಿಂದ ಈ ಎಂಡ್‌ಪಾಯಿಂಟನ್ನು ಓದಲು ಮಾತ್ರ ಬಿಡುವ ಸೆಟ್ಟಿಂಗೇ ಇದೆ. ಲೆವೆಲ್ ಬದಲಿಸುವ ಅಗತ್ಯವೇ ಇಲ್ಲದ ಸರ್ವೀಸುಗಳಿಗೆ ಅದೇ ಸಾಕು.

ಪೂರ್ತಿ ಮುಚ್ಚಿಬಿಡಿ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ರಾತ್ರಿ ಎರಡು ಗಂಟೆಗೆ ಪೇಮೆಂಟ್ ನಿಂತಾಗ ಒಂದು ಪ್ಯಾಕೇಜಿನ (ಕೋಡಿನ ಒಂದು ಭಾಗದ) ಡೀಬಗ್ ಸಿಗದಿದ್ದರೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಹಾಗಾಗಿ ಲೆವೆಲ್ ಬದಲಿಸಲು ಒಂದು ಸಣ್ಣ ಸ್ಕ್ರೀನ್ ಮಾಡಿದೆವು: ನಮ್ಮದೇ ಪ್ಯಾಕೇಜುಗಳು ಮಾತ್ರ ಕಾಣುತ್ತವೆ, ರೂಟ್ ಇಲ್ಲ, ವೈರ್ ಇಲ್ಲ. ಕಾರಣ ಬರೆಯಬೇಕು, 30 ನಿಮಿಷಕ್ಕೆ ತಾನಾಗಿ ಹಿಂದಕ್ಕೆ.

ಈ 'ಹಿಂದಕ್ಕೆ' ಅನ್ನುವುದೇ ಹೆಚ್ಚು ಸತಾಯಿಸಿತು. ಸರ್ವೀಸಿನ ನಾಲ್ಕು ಪಾಡ್ (ಒಟ್ಟಿಗೆ ಓಡುವ ಪ್ರತಿಗಳು) ಇದ್ದಾಗ, ರಿಕ್ವೆಸ್ಟ್‌ಗಳನ್ನು ಅವುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಮೂಲಕ ಹೋದ ರಿಕ್ವೆಸ್ಟ್ ಒಂದಕ್ಕೆ ಮಾತ್ರ ತಲುಪಿ, ಉಳಿದವು ಬೇರೆ ಲೆವೆಲ್‌ನಲ್ಲೇ ಓಡುತ್ತಿದ್ದವು; ಪ್ರತಿ ಪಾಡಿಗೂ ಬಿಡಿಬಿಡಿಯಾಗಿ ಕಳಿಸಬೇಕಾಯಿತು. ಇಳಿಸುವಾಗ 'ಇನ್ಫೋ' (ಡೀಬಗ್‌ಗಿಂತ ಕಡಿಮೆ ವಿವರದ ಲೆವೆಲ್) ಎಂದು ಕಳಿಸಿದರೆ ಆ ಲಾಗರ್ ಅಲ್ಲೇ ಅಂಟಿಕೊಳ್ಳುತ್ತದೆ, ಮೇಲಿನ ಪ್ಯಾಕೇಜನ್ನು ಬದಲಿಸಿದರೂ ಕೇಳುವುದಿಲ್ಲ. 'ನಲ್' (ಯಾವ ಲೆವೆಲೂ ಇಲ್ಲ) ಎಂದು ಕಳಿಸಿದರೆ ಮೇಲಿನದನ್ನೇ ಅನುಸರಿಸುತ್ತದೆ, ಆದರೆ ಕಾನ್ಫಿಗ್ ಫೈಲಿನಲ್ಲಿ ಅದಕ್ಕೆಂದೇ ಕೊಟ್ಟ ಲೆವೆಲ್ ಇದ್ದರೆ ಅದೂ ಹೋಗುತ್ತದೆ. ಈಗ ಬದಲಿಸುವ ಮುನ್ನ ಇದ್ದದ್ದನ್ನು ಬರೆದಿಟ್ಟುಕೊಂಡು ಅದನ್ನೇ ವಾಪಸ್ ಹಾಕುತ್ತೇವೆ.

ಯಾರು, ಯಾವಾಗ ಬದಲಿಸಿದರು ಅನ್ನುವುದನ್ನು ಡೇಟಾಬೇಸಿನಲ್ಲಿ ಬರೆಯುತ್ತೇವೆ, ಲಾಗ್‌ನಲ್ಲಲ್ಲ. ಲೆವೆಲನ್ನು 'ಆಫ್' ಮಾಡಬಲ್ಲವರು ಲಾಗ್‌ನಲ್ಲಿರಬೇಕಾದ ತಮ್ಮ ಗುರುತನ್ನೂ ತಡೆಯಬಲ್ಲರು.