ಸಂಕ್ರಾಂತಿಯ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು: ಒಂದು ವಾರ ಮೊದಲೇ ಶುರುವಾಗುವ ಕೆಲಸ

ಎಳ್ಳು-ಬೆಲ್ಲಕ್ಕೆ ಒಲೆಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಉಳಿದದ್ದೆಲ್ಲ ಹೆಚ್ಚುವ, ಒಣಗಿಸುವ ಕೆಲಸ. ಅದಕ್ಕೆ ಐದಾರು ದಿನ ಬೇಕು. ಸಂಕ್ರಾಂತಿ ಸೂರ್ಯನ ಲೆಕ್ಕದ ಹಬ್ಬವಾದ್ದರಿಂದ ಗೌರಿ-ಗಣೇಶದ ಹಾಗೆ ತಿಥಿ ನೋಡಿಕೊಂಡು ಹಿಂದೆ ಮುಂದೆ ಓಡಾಡುವುದಿಲ್ಲ, ಜನವರಿ 14 ಅಥವಾ 15ಕ್ಕೇ ಬರುತ್ತದೆ. ಜನವರಿ 7ರ ಹೊತ್ತಿಗೆ ಕೊಬ್ಬರಿ ಕೈಗೆತ್ತಿಕೊಂಡರೆ ಧಾವಂತವಿಲ್ಲ. ಅಂಗಡಿಯಲ್ಲಿ ಸಿದ್ಧ ಮಿಶ್ರಣ ಸಿಗುತ್ತದೆ ನಿಜ, ಆದರೆ ಬಹಳಷ್ಟರಲ್ಲಿ ಹುರಿಗಡಲೆಯದೇ ದರ್ಬಾರು.

ಸುಮಾರು ಎರಡು ಕಿಲೋ ಮಿಶ್ರಣಕ್ಕೆ ಅಳತೆ ಹೀಗೆ: ಗಿಟುಕು ಕೊಬ್ಬರಿ 500 ಗ್ರಾಂ, ಗಟ್ಟಿ ಬೆಲ್ಲ 500 ಗ್ರಾಂ, ಕಡಲೆಕಾಯಿ ಬೀಜ 500 ಗ್ರಾಂ, ಹುರಿಗಡಲೆ 250 ಗ್ರಾಂ, ಬಿಳಿ ಎಳ್ಳು 200 ಗ್ರಾಂ. 50 ಗ್ರಾಂನ ಪೊಟ್ಟಣ ಕಟ್ಟಿದರೆ 35 ಮನೆಗೆ ಧಾರಾಳವಾಗಿ ಸಾಕು. ಹೆಸರಿನಲ್ಲಿ ಎಳ್ಳೇ ಮೊದಲಾದರೂ ತೂಕದಲ್ಲಿ ಅದೇ ಕಡಿಮೆ. ಹೆಚ್ಚು ಹಾಕಿದರೆ ಬಾಯಲ್ಲಿ ಒಗರು ನಿಲ್ಲುತ್ತದೆ. ಬಣ್ಣದ ಜೀರಿಗೆ ಪೆಪ್ಪರಮೆಂಟು ಮಕ್ಕಳಿಗಾಗಿ ಒಂದು ಹಿಡಿ ಇರಲಿ. ಜಾಸ್ತಿಯಾದರೆ ಬಣ್ಣ ಕೊಬ್ಬರಿಗೆ ಅಂಟುತ್ತದೆ.

ಎಳ್ಳು ಬಿಳಿಯದೇ ಏಕೆ? ಕರಿ ಎಳ್ಳು ತರ್ಪಣಕ್ಕೆ, ಪಿತೃಕಾರ್ಯಕ್ಕೆ ಸಲ್ಲುವಂಥದ್ದು. ಮಕರ ಶನಿಯ ಮನೆ, ಎಳ್ಳು ಶನಿಗೆ ಪ್ರಿಯ, ಅಂದು ತಂದೆಯಾದ ಸೂರ್ಯ ಮಗನ ಮನೆಗೆ ಕಾಲಿಡುತ್ತಾನೆ ಎಂಬುದು ನಂಬಿಕೆ. ಬರೀ ಎಳ್ಳನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ ಎಂದು ಹಿರಿಯರು ಹೆದರುತ್ತಿದ್ದರು. ಅದಕ್ಕೇ ಬೆಲ್ಲದ ಜೊತೆ. ಚಳಿಗೆ ಒಣಗಿದ ಮೈಗೆ ಎಳ್ಳು, ಕೊಬ್ಬರಿ, ಕಡಲೆಬೀಜಗಳ ಎಣ್ಣೆಯಂಶ ಬೇಕು ಎಂಬುದು ಇನ್ನೊಂದು ಕಾರಣ, ಇದಕ್ಕೆ ಪಂಚಾಂಗ ಬೇಕಿಲ್ಲ.

ಕೊಬ್ಬರಿ ಆರಿಸುವಾಗ ಅಲ್ಲಾಡಿಸಿ ನೋಡಿ, ಒಡೆದು ಮೂಸಿ. ಒಳಗೆ ಹಳದಿ ಗೆರೆ ಇದ್ದರೆ, ಕಮಟು ವಾಸನೆ ಬಂದರೆ ಬೇಡ. ಒಂದು ಹೋಳು ಕನರಿದರೆ ಡಬ್ಬಿಯೆಲ್ಲ ಕನರುತ್ತದೆ. ಮೇಲಿನ ಕಂದು ಸಿಪ್ಪೆಯನ್ನು ತರಕಾರಿ ಹೆರೆಯುವ ಪೀಲರ್‌ನಿಂದ ಪೂರ್ತಿ ಹೆರೆದು, ಅಡಕತ್ತರಿಯಲ್ಲಿ ಮೊದಲು ತೆಳು ಸೀಳು, ಆಮೇಲೆ ಹುರಿಗಡಲೆಯ ಗಾತ್ರದ ಚೂರು ಮಾಡಿ. ಗಾತ್ರ ಒಂದೇ ಸಮ ಇರಬೇಕೆನ್ನುವುದು ಬರೀ ಚಂದಕ್ಕಲ್ಲ. ದಪ್ಪ ಚೂರಿನ ಒಳಗೆ ಹಸಿ ಉಳಿಯುತ್ತದೆ.

ಬೆಲ್ಲಕ್ಕೂ ಅದೇ ಗಾತ್ರ. ಮಂಡ್ಯ ಕಡೆಯ ಗಟ್ಟಿ ಅಚ್ಚು ಬೆಲ್ಲ ಕತ್ತರಿಗೆ ಚೆನ್ನಾಗಿ ಸಿಗುತ್ತದೆ. ಮೆತ್ತಗಿನ ಕಪ್ಪು ಬೆಲ್ಲ ಪಾಯಸಕ್ಕೆ ಎಷ್ಟೇ ರುಚಿಯಾದರೂ ಇಲ್ಲಿ ಕೆಲಸಕ್ಕೆ ಬಾರದು, ಕತ್ತರಿಸುತ್ತಿದ್ದ ಹಾಗೇ ಕೈಗೆ ಮೆತ್ತಿಕೊಳ್ಳುತ್ತದೆ. ಹೆಚ್ಚುವಾಗ ಉದುರುವ ಪುಡಿಯನ್ನು ಜರಡಿ ಹಿಡಿದು ತೆಗೆದಿಡಿ. ಮೊದಲು ನೀರೊಡೆಯುವುದು ಆ ಪುಡಿಯೇ. ಹಬ್ಬದ ಸಿಹಿ ಪೊಂಗಲಿಗೆ ಆಗುತ್ತದೆ.

ಎರಡನ್ನೂ ಬೇರೆ ಬೇರೆ ಬಟ್ಟೆಯ ಮೇಲೆ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ, ಎರಡು-ಮೂರು ದಿನ ಬಿಸಿಲಿಗಿಡಿ. ನಾಲ್ಕು ಗಂಟೆಗೆಲ್ಲ ಒಳಗೆ ತರಬೇಕು. ಜನವರಿಯ ಇಬ್ಬನಿ ಹಗಲೆಲ್ಲ ಒಣಗಿದ್ದನ್ನು ಒಂದು ಸಂಜೆಯಲ್ಲಿ ಕೆಡಿಸುತ್ತದೆ. ಇರುವೆಗೆ ಅರಿಶಿನದ ಗೆರೆಗಿಂತ, ಮಂಚದ ಮೇಲೆ ಹರವಿ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದೇ ನಂಬಿಕೆಯ ಉಪಾಯ. ಬಿಸಿಲಿಲ್ಲದ ದೇಶಗಳಲ್ಲಿ ಇರುವವರು ಕೊಬ್ಬರಿಯನ್ನು ಓವನ್‌ನಲ್ಲಿ 60 ಡಿಗ್ರಿಗೆ, ಬಾಗಿಲು ಸ್ವಲ್ಪ ತೆರೆದು, ಒಂದೂವರೆ ಗಂಟೆ ಒಣಗಿಸಬಹುದು. ಬೆಲ್ಲವನ್ನು ಮಾತ್ರ ಓವನ್‌ಗೆ ಹಾಕಬೇಡಿ, ಕರಗಿ ಒಂದಾಗುತ್ತದೆ. ಫ್ಯಾನಿನ ಗಾಳಿ ಸಾಕು.

ಹುರಿಯುವುದು ಹಬ್ಬಕ್ಕೆ ಎರಡು ದಿನ ಮೊದಲು. ಕಡಲೆಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಕೈಬಿಡದೆ ಹುರಿಯಿರಿ. ಉರಿ ಜೋರಾದರೆ ಸಿಪ್ಪೆ ಸೀದು ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ, ಬೇಳೆ ಬಿಡಿಸಿ, ಮೊರದಲ್ಲಿ ಕೇರಿ. ಎಳ್ಳು ಎರಡು-ಮೂರು ನಿಮಿಷಕ್ಕೇ ಚಟಪಟ ಎನ್ನುತ್ತದೆ; ಕೂಡಲೇ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಕಹಿ. ಹುರಿಗಡಲೆ ಬಿಸಿ ಆದರೆ ಸಾಕು.

ಬೆರೆಸುವ ಮುಂಚೆ ಎಲ್ಲವೂ ತಣ್ಣಗಾಗಿರಲೇಬೇಕು, ಮುಟ್ಟಿ ನೋಡಿ. ಒಂದಿಷ್ಟು ಬಿಸಿ ಉಳಿದಿದ್ದರೂ ಡಬ್ಬಿಯೊಳಗೆ ಬೆವರಿ, ಬೆಲ್ಲ ನೀರೊಡೆದು, ಹುರಿಗಡಲೆ ಮೆತ್ತಗಾಗಿ, ಮಾರನೆಯ ದಿನಕ್ಕೆ ಎಲ್ಲ ಉಂಡೆ ಕಟ್ಟುತ್ತದೆ. ಎಳ್ಳು-ಬೆಲ್ಲ ಕೆಟ್ಟಿತು ಎಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇದೇ ಅವಸರ. ಎಳ್ಳು ತಳ ಸೇರುವುದರಿಂದ ಪೊಟ್ಟಣ ಕಟ್ಟುವಾಗ ಪ್ರತಿ ಸಲವೂ ತಳದಿಂದ ಮಗುಚಿ.

ಇನ್ನು ಸಕ್ಕರೆ ಅಚ್ಚು. ಇದು ಕೈಹದದ ಕೆಲಸ, ಒಬ್ಬರಿಗಿಂತ ಇಬ್ಬರಿದ್ದರೆ ಲೇಸು. ಬೃಂದಾವನ, ಆನೆ, ಮೀನು, ನವಿಲು, ಗೋಪುರ ಹೀಗೆ ಬೇಕಾದ ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿ. ಒಣ ಮರ ಪಾಕವನ್ನು ಹಿಡಿದುಕೊಂಡು ಬಿಡುವುದಿಲ್ಲ, ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ. ಬೆಳಿಗ್ಗೆ ನೀರು ಒದರಿ, ಭಾಗಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದು, ತೂತು ಮೇಲೆ ಬರುವಂತೆ ಸಾಲಾಗಿ ನಿಲ್ಲಿಸಿ.

ಒಂದು ಕಿಲೋ ಸಕ್ಕರೆಗೆ 400 ಮಿಲಿಲೀಟರ್ ನೀರು ಹಾಕಿ ಕುದಿಸಿ. ಕುದಿಯುವಾಗ ಅರ್ಧ ಲೋಟ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ತೆಳು ಬಟ್ಟೆಯಲ್ಲಿ ಶೋಧಿಸಿ. ಹಾಲಿನ ಕಣ ಉಳಿದರೆ ಅಚ್ಚು ಹಳದಿಯಾಗುತ್ತದೆ. ಈ ನೀರು ಪಾಕ ಇಡೀ ದಿನ ಇಟ್ಟರೂ ಆದೀತು. ಆದರೆ ಒಂದು ಸಲಕ್ಕೆ ಕಾಯಿಸಬೇಕಾದದ್ದು ಒಂದೇ ಲೋಟ, ನಾಲ್ಕೈದು ಅಚ್ಚಿಗೆ ಆಗುವಷ್ಟು. ಒಂದು ಹನಿ ಪಾಕವನ್ನು ಎರಡು ಬೆರಳ ನಡುವೆ ಹಿಡಿದು ಬಿಡಿಸಿದಾಗ ಎರಡೆಳೆ ಬಂದರೆ ಇಳಿಸಿ. ಥರ್ಮಾಮೀಟರ್ ಇದ್ದವರು ಕರಾವಳಿಯಲ್ಲಿ ಸುಮಾರು 112 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದು ನೀರು ಇಲ್ಲಿ 97 ಡಿಗ್ರಿಗೇ ಕುದಿಯುವುದರಿಂದ ಮೂರು ಡಿಗ್ರಿ ಕಡಿಮೆ ಹಿಡಿಯಬೇಕು.

ಇಳಿಸಿದ ಕೂಡಲೇ ಮರದ ಸೌಟಿನಿಂದ ಪಾತ್ರೆಯ ಬದಿಗೆ ಉಜ್ಜಿ ಉಜ್ಜಿ ತಿರುವಿ. ತಿಳಿಯಾದ ಪಾಕ ಮಬ್ಬಾಗಿ, ಹಾಲಿನ ಬಣ್ಣಕ್ಕೆ ತಿರುಗಿದ ಆ ಗಳಿಗೆಯಲ್ಲೇ ಸುರಿಯಬೇಕು. ಮೊದಲೇ ಸುರಿದರೆ ಗಟ್ಟಿಯಾಗುವುದಿಲ್ಲ; ನಾಲ್ಕು ಸುತ್ತು ತಡವಾದರೆ ಪಾತ್ರೆಯಲ್ಲೇ ಸಕ್ಕರೆಯಾಗಿ ಕೂರುತ್ತದೆ. ಹಾಗಾದರೆ ಗಾಬರಿ ಬೇಡ, ಎರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿ. ಬೆಳ್ಳಗಾಗಲೆಂದು ನಿಂಬೆರಸ ಹಿಂಡುವವರಿದ್ದಾರೆ: ಲೋಟಕ್ಕೆ ಎರಡು ಹನಿ ಸರಿ, ಅದಕ್ಕಿಂತ ಹೆಚ್ಚಾದರೆ ಹುಳಿ ಸಕ್ಕರೆಯನ್ನು ಒಡೆದು ಹರಳುಗಟ್ಟಲು ಬಿಡುವುದಿಲ್ಲ. ಎಂಟು-ಹತ್ತು ನಿಮಿಷ ಬಿಟ್ಟು, ಬ್ಯಾಂಡ್ ಬಿಚ್ಚಿ, ಮೆಲ್ಲಗೆ ತಟ್ಟಿ ಬಿಡಿಸಿ. ಅಚ್ಚು ಒಳಗಿನ ಬಿಸಿ ಆರುವ ತನಕ ಮುಟ್ಟದೆ ತಟ್ಟೆಯಲ್ಲಿ ಬಿಡಿ, ಕತ್ತು ಮುರಿಯುವುದು ಆಗಲೇ.

ಹಬ್ಬದ ದಿನ ಮೊದಲು ದೇವರ ಮುಂದೆ, ತುಳಸಿಯ ಮುಂದೆ ಇಟ್ಟು, ಸಂಜೆ ಬೀರಲು ಹೊರಡುವುದು. ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಒಂದು ಅಚ್ಚು, ಗೇಣುದ್ದದ ಕಬ್ಬು, ಬಾಳೆಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮ. ‘ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎಂದು ಹೇಳಿ ಕೊಡುತ್ತಾರೆ. ಮಾತು ಬಿಟ್ಟವರ ಮನೆಗೂ ಅಂದು ಹೋಗಬಹುದು, ಹೋಗಲು ಬೇರೆ ನೆಪ ಬೇಕಿಲ್ಲ. ತಟ್ಟೆಯನ್ನು ಬರಿದು ಮಾಡಿ ಕಳಿಸುವುದಿಲ್ಲ, ತಮ್ಮ ಮನೆಯದ್ದನ್ನು ಹಾಕಿಕೊಡುತ್ತಾರೆ. ಹೊಸದಾಗಿ ಮದುವೆಯಾದವರು ಐದು ವರ್ಷ ಮುತ್ತೈದೆಯರಿಗೆ ಬಾಳೆಹಣ್ಣು ಕೊಡುವ ಪದ್ಧತಿ ಹಳೇ ಮೈಸೂರು ಕಡೆ ಉಂಟು: ಮೊದಲ ವರ್ಷ ಐದು, ಮುಂದೆ ವರ್ಷಕ್ಕೆ ಐದರಂತೆ ಏರಿಕೆ. ಉತ್ತರ ಕರ್ನಾಟಕದಲ್ಲಿ ಎಳ್ಳು-ಬೆಲ್ಲದ ಜಾಗದಲ್ಲಿ ಸಕ್ಕರೆ ಪಾಕ ಹತ್ತಿಸಿದ ಕುಸುರೆಳ್ಳು, ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ.

ಐದು ವರ್ಷದೊಳಗಿನ ಮಕ್ಕಳಿಗೆ ಸಂಜೆ ಎಲಚಿಹಣ್ಣು ಎರೆಯುವುದಿದ್ದರೆ ಮಣೆ ಹಾಕಿ ಕೂರಿಸಿ, ಎಲಚಿ, ಕಬ್ಬಿನ ಚೂರು, ಎಳ್ಳು-ಬೆಲ್ಲ, ಚಿಲ್ಲರೆ ಕಾಸು ಬೆರೆಸಿ ಪಾವಿನಿಂದ ತಲೆಯ ಮೇಲೆ ಸುರಿದು ಆರತಿ ಎತ್ತಿ. ಎತ್ತರದಿಂದ ಸುರಿಯಬೇಡಿ. ಅಂಬೆಗಾಲಿಡುವ ಮಗುವಾದರೆ ಕಾಸು, ಕಡಲೆಬೀಜ ಬಿಟ್ಟುಬಿಡಿ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸು, ಗಂಟಲಿಗೆ ಸಿಕ್ಕಿಕೊಂಡೀತು.

ಉಳಿದ ಮಿಶ್ರಣ ಸ್ಟೀಲ್ ಡಬ್ಬಿಯಲ್ಲಿ ಒಂದು ತಿಂಗಳು ತಡೆಯುತ್ತದೆ. ಮೆತ್ತಗಾಗಲು ಶುರುವಾದರೆ ತರಿತರಿಯಾಗಿ ಪುಡಿ ಮಾಡಿ ಉಂಡೆ ಕಟ್ಟಿ. ಮುರಿದ ಅಚ್ಚುಗಳು ಕಾಫಿಗೆ. ಮರದ ಅಚ್ಚುಗಳನ್ನು ಬಿಸಿನೀರಲ್ಲಿ ಸೋಪಿಲ್ಲದೆ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತವೆ. ಎತ್ತಿಡುವ ಮುನ್ನ ಪ್ರತಿ ಅಚ್ಚಿನ ಭಾಗಗಳನ್ನು ದಾರದಿಂದ ಕಟ್ಟಿ: ಮುಂದಿನ ಜನವರಿಯಲ್ಲಿ ನವಿಲಿನ ಅರ್ಧಕ್ಕೆ ಮೀನಿನ ಅರ್ಧ ಜೋಡಿಸುವ ಫಜೀತಿ ಇರುವುದಿಲ್ಲ.